ಸಾಹಿತಿಯ ಸಂಬಳ ಕೇಳಬಹುದೇ?

ಲೇಖಕರನ್ನೂ ಪತ್ರಕರ್ತರನ್ನೂ ಮಾತಾಡಿಸುವ ಕೆಲಸ ಮಾಡುತ್ತ ನನಗೆ ಖಚಿತವಾದ ಒಂದು ಸಂಗತಿಯಿದೆ. ‘ಯಾಕೆ ಬರೆಯುತ್ತೀರಿ’ ಎಂಬ ಪ್ರಶ್ನೆಗಿಂತ ‘ಹೊಟ್ಟೆಪಾಡಿಗೆ ಏನು ಮಾಡುತ್ತೀರಿ’ ಎಂಬುದು ಒಳ್ಳೆಯ ಪ್ರಶ್ನೆ. ಮೊದಲನೆಯದರ ಉತ್ತರ ಸನ್ಮಾನ ಸಮಾರಂಭಗಳಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿರುತ್ತದೆ. ಎರಡನೆಯದಕ್ಕೆ ಯೋಚಿಸಿ ಉತ್ತರಿಸಬೇಕಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರ ಸಂಬಳ ವಿಚಾರಿಸಲು ಹಿಂಜರಿಯದ ನಮಗೆ ಸಾಹಿತಿಯ ಮುಂದೆ ಮಾತ್ರ ಯಾಕೋ ಸಂಕೋಚ. ಲೆಕ್ಕವನ್ನೇ ನೋಡಿ. ಕನ್ನಡ ಕಾದಂಬರಿಯೊಂದರ ಸಾವಿರ ಪ್ರತಿ ಅಚ್ಚಾಗಿ, ಬೆಲೆ 250 ರೂಪಾಯಿ ಇದ್ದು, ನೂರಕ್ಕೆ ಹತ್ತರಂತೆ ರಾಯಲ್ಟಿ ಸಿಕ್ಕಿ, ಎಲ್ಲವೂ ಖರ್ಚಾದರೆ ಲೇಖಕರ ಕೈಗೆ ಬರುವುದು 25,000 ರೂಪಾಯಿ. ಬರೆಯಲು ಮೂರು ವರ್ಷ ಹಿಡಿದಿದ್ದರೆ ತಿಂಗಳಿಗೆ ಏಳುನೂರೂ ಇಲ್ಲ. ಹಾಗಾಗಿ ಅಕ್ಕಿ ಬೇಳೆಗೆ ಬೇರೆ ದಾರಿ ಇರಲೇಬೇಕು, ಆ ದಾರಿಯ ಧೂಳು ಬರಹಕ್ಕೂ ಮೆತ್ತಿಕೊಳ್ಳುತ್ತದೆ.

ಸಾಹಿತಿ, ಪತ್ರಕರ್ತ ಲಂಕೇಶರದು ಇದಕ್ಕೆ ಢಾಳಾದ ಉದಾಹರಣೆ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು 1980ರಲ್ಲಿ ವಾರಪತ್ರಿಕೆ ಶುರುಮಾಡಿದರು. ಜಾಹೀರಾತು ಬೇಡವೆಂದರು. ಅಂದಮೇಲೆ ಕಾಗದದ ಬಿಲ್ಲು, ಸಿಬ್ಬಂದಿಯ ಸಂಬಳ ಎಲ್ಲಕ್ಕೂ ಅಂಗಡಿಯಲ್ಲಿ ಪತ್ರಿಕೆ ಕೊಳ್ಳುವ ಓದುಗನೇ ಗತಿ. ಅವನು ಪ್ರತಿವಾರ ಮತ್ತೆ ಬರಬೇಕು. ಅವರ ಗದ್ಯದ ಆ ಚುರುಕು, ಎರಡೇ ಸಾಲಿನಲ್ಲಿ ವಿಷಯಕ್ಕೆ ಬರುವ ಅವಸರ, ‘ನೀಲು’ ಹೆಸರಿನಲ್ಲಿ ಬರೆದ ನಾಲ್ಕಾರು ಸಾಲಿನ ಪುಟ್ಟ ಪದ್ಯಗಳು, ಇವಕ್ಕೆಲ್ಲ ಆ ವಾರದ ಗಡುವಿನ ಪಾಲೂ ಇದೆ ಎಂದೇ ನನ್ನ ತೀರ್ಮಾನ. ಯಶವಂತ ಚಿತ್ತಾಲರು ಮುಂಬೈಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದವರು. ಕಂಪನಿಯೊಳಗಿನ ಮಸಲತ್ತಿಗೆ ಸಿಕ್ಕಿ ನರಳುವ ನಾಗಪ್ಪ ಅವರ ‘ಶಿಕಾರಿ’ ಕಾದಂಬರಿಗೆ ಬಂದದ್ದು ಆ ಲೋಕದಿಂದ. ಬರವಣಿಗೆಯನ್ನೇ ನೆಚ್ಚಿ ಬದುಕಿದ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದರ ಹಿಂದೆಯೂ ಇಂಥ ಲೆಕ್ಕ ಇದ್ದೀತು.

ಹಾಗಾದರೆ ಕಂಪನಿ ಕೆಲಸದಲ್ಲಿದ್ದವರೆಲ್ಲ ‘ಶಿಕಾರಿ’ ಬರೆಯಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪ್ರತಿಭೆ ಎಲ್ಲಿಂದ ಬಂತೆಂದು ಸಂಬಳದ ಚೀಟಿ ಹೇಳಲಾರದು. ಬರಹದ ಉದ್ದವೆಷ್ಟು, ವೇಗವೆಷ್ಟು, ಯಾವ ಲೋಕ ಒಳಗೆ ಬಂತು, ಯಾವುದು ಹೊರಗುಳಿಯಿತು ಎಂಬುದನ್ನು ಹೇಳಬಲ್ಲದು. ಸಂದರ್ಶಕನಿಗೆ ಅಷ್ಟು ಸಾಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ದುಡ್ಡಿನ, ದುಡಿಮೆಯ ವಿಷಯದಲ್ಲಿ ಯಾರು ತಾನೇ ನಿಜ ಹೇಳುತ್ತಾರೆ? ಹೇಳದೆಯೂ ಇರಬಹುದು. ಆದರೆ ಇಂಥ ಉತ್ತರಗಳನ್ನು ತಾಳೆ ನೋಡಲು ಬರುತ್ತದೆ. ‘ಪ್ಯಾರಿಸ್ ರಿವ್ಯೂ’ ಪತ್ರಿಕೆ 1958ರಲ್ಲಿ ಪ್ರಕಟಿಸಿದ ಸಂದರ್ಶನದಲ್ಲಿ ಹೆಮಿಂಗ್ವೇ, ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆನೆಂದಿದ್ದರು. 2012ರಲ್ಲಿ ಬಂದ ಆವೃತ್ತಿ ಅವರ ಹಸ್ತಪ್ರತಿಗಳಿಂದ 47 ಮುಕ್ತಾಯಗಳನ್ನು ಮುಂದಿಟ್ಟಿತು. ಲೆಕ್ಕ ತುಸು ತಪ್ಪಿತ್ತು, ಕಾಗದ ಅದನ್ನು ತೋರಿಸಿಕೊಟ್ಟಿತು. ಸ್ಫೂರ್ತಿಯ ಬಗ್ಗೆ ಅವರು ಏನೇ ಹೇಳಿದ್ದರೂ ಹೀಗೆ ಯಾವ ಪೆಟ್ಟಿಗೆ ತೆಗೆದು ನೋಡುವುದು?