ಪ್ರೋಟೀನಿನ ಮೇಲಣ ಗುರುತು ಮತ್ತು ರಕ್ತದ ಕ್ಯಾನ್ಸರಿನ ಗುಳಿಗೆ

ಕಳೆದ ಶ್ರಾವಣದಲ್ಲಿ ಶಾಲಾ ಶಿಕ್ಷಕರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರಿಗೆ ಎರಡು ವರ್ಷಗಳ ಹಿಂದೆ ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್, ಇರುವುದು ತಿಳಿದಿತ್ತು. ದಿನವೂ ಇಮಾಟಿನಿಬ್ ಎಂಬ ಗುಳಿಗೆ ನುಂಗುತ್ತಿದ್ದರು. ಬಿಳಿ ರಕ್ತಕಣಗಳ ಎಣಿಕೆ ಸರಿಹೋಗಿತ್ತು. "ಡಾಕ್ಟರೇ, ರಿಪೋರ್ಟು ಚೆನ್ನಾಗಿ ಬಂದಿದೆ. ಒಂದೂವರೆ ತಿಂಗಳಿಂದ ಗುಳಿಗೆ ಬಿಟ್ಟಿದ್ದೇನೆ. ಇನ್ನು ನಿಮ್ಮ ಕಷಾಯ ಸಾಕಲ್ಲವೇ?" ಎಂದು ಕೇಳಿದರು. ಸಾಲದು ಎಂದೆವು. ಏಕೆ ಸಾಲದೆಂಬುದನ್ನು ಅಂದು ಅವರಿಗೆ ಹೇಳಿದ್ದಕ್ಕಿಂತ ತುಸು ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಸಾವಿರಾರು ಬಗೆಯ ಪ್ರೋಟೀನುಗಳಿವೆ. ವಂಶವಾಹಿಯ ಆಣತಿಯಂತೆ ಪ್ರೋಟೀನು ತಯಾರಾದ ಮೇಲೂ ಅದಕ್ಕೆ ಚಿಕ್ಕ ಚಿಕ್ಕ ಅಂಶಗಳು ಅಂಟಿಕೊಳ್ಳುತ್ತವೆ, ಕಳಚಿಹೋಗುತ್ತವೆ. ಮಧುಮೇಹಿಗಳು ಮಾಡಿಸುವ ಎಚ್‌ಬಿ ಎ1ಸಿ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನೇ. ಆ ಸಕ್ಕರೆ ತಾನಾಗಿ ಅಂಟುವಂಥದು. ಫಾಸ್ಫೇಟ್ ಹಾಗಲ್ಲ, ಅದನ್ನು ಜೀವಕೋಶವೇ ಬೇಕೆಂದಾಗ ಅಂಟಿಸುತ್ತದೆ, ಬೇಡವಾದಾಗ ತೆಗೆಯುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ವಿಜ್ಞಾನಿಗಳು 1955ರ ಸುಮಾರಿಗೆ, ಸ್ನಾಯುವಿನಲ್ಲಿರುವ ಕಿಣ್ವವೊಂದು ಫಾಸ್ಫೇಟ್ ಅಂಟಿದಾಗ ಚುರುಕಾಗುವುದನ್ನೂ ಕಳಚಿದಾಗ ಸುಮ್ಮನಾಗುವುದನ್ನೂ ಕಂಡುಕೊಂಡರು. 1992ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಫಾಸ್ಫೇಟನ್ನು ಅಂಟಿಸುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಮನುಷ್ಯರಲ್ಲಿ ಇಂಥವು 500ಕ್ಕೂ ಹೆಚ್ಚು. 'ಬೆಳೆ', 'ಒಡೆದು ಇಬ್ಭಾಗವಾಗು', 'ನಿಲ್ಲು' ಎಂಬ ಸಂದೇಶಗಳು ಜೀವಕೋಶದೊಳಗೆ ಸಾಗುವುದು ಬಹುಮಟ್ಟಿಗೆ ಇವುಗಳ ಮೂಲಕವೇ. ನಮ್ಮ ಶಿಕ್ಷಕರ ರೋಗದಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ವಿಕೃತ ಕೈನೇಸ್ ಹುಟ್ಟುತ್ತದೆ. ಅದಕ್ಕೆ ನಿಲ್ಲುವುದೇ ತಿಳಿಯದು. ಯಾರೂ ಕೇಳದಿದ್ದರೂ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ಅಸ್ಥಿಮಜ್ಜೆಯಲ್ಲಿ ಬಿಳಿ ಕಣಗಳು ಮಿತಿಮೀರಿ ಬೆಳೆಯುತ್ತವೆ. ಫಾಸ್ಫೇಟನ್ನು ಒದಗಿಸುವ ಎಟಿಪಿ ಎಂಬ ವಸ್ತು ಕುಳಿತುಕೊಳ್ಳುವ ಜಾಗವನ್ನೇ ಇಮಾಟಿನಿಬ್ ಆಕ್ರಮಿಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅದರ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ ಇಲ್ಲಿನ ಕಂಪನಿಗಳು ತಯಾರಿಸುವ ಅಗ್ಗದ ಗುಳಿಗೆಗೆ ಅಡ್ಡಿಯಾಗಲಿಲ್ಲ. ಬಡ ರೋಗಿಗಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಕಣ್ಣಿಗೆ ಕಾಣದ ಈ ಫಾಸ್ಫೇಟ್ ಎಲ್ಲಿ ಅಂಟಿದೆಯೆಂದು ತಿಳಿಯುವುದು ಹೇಗೆ? ವಂಶವಾಹಿಯನ್ನು ಆದ್ಯಂತವಾಗಿ ಓದಿದರೂ ಇದು ತಿಳಿಯದು. ಪ್ರೋಟೀನುಗಳನ್ನು ಒಟ್ಟಾಗಿ ಅಭ್ಯಾಸ ಮಾಡುವ ಪ್ರೋಟಿಯೋಮಿಕ್ಸ್ ಎಂಬ ಶಾಸ್ತ್ರ ಇದನ್ನು ತೂಕದಿಂದ ಕಂಡುಹಿಡಿಯುತ್ತದೆ. ಒಡವೆಗೆ ಹೊಸದಾಗಿ ಹರಳೊಂದನ್ನು ಕೂಡಿಸಿದ್ದರೆ ಅಕ್ಕಸಾಲಿಗನ ತಕ್ಕಡಿ ಹೇಳಿಬಿಡುತ್ತದೆಯಲ್ಲವೇ, ಹಾಗೆ. ಮೊದಲು ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸುತ್ತಾರೆ. ನಮ್ಮ ಕರುಳಿನಲ್ಲಿ ಆಹಾರದ ಪ್ರೋಟೀನನ್ನು ಜೀರ್ಣಿಸುವ ಕಿಣ್ವವೂ ಇದೇ. ಬಳಿಕ ಆ ತುಂಡುಗಳಿಗೆ ವಿದ್ಯುದಂಶ ಕೊಟ್ಟು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ತೂಗುತ್ತಾರೆ. ಹೈಡ್ರೋಜನ್ ಪರಮಾಣು ಒಂದರ ತೂಕವನ್ನು ಹೆಚ್ಚುಕಡಿಮೆ 1 ಎಂದಿಟ್ಟುಕೊಂಡರೆ, ಫಾಸ್ಫೇಟ್ ಅಂಟಿದ ತುಂಡು 80ರಷ್ಟು ಹೆಚ್ಚು ತೂಗುತ್ತದೆ. ಅದನ್ನು ಮತ್ತೆ ಒಡೆದು ನೋಡಿದರೆ ಅಂಟಿದ ಜಾಗವೂ ಸಿಗುತ್ತದೆ. ಇಷ್ಟು ದೊಡ್ಡ ಅಣುಗಳನ್ನು ಕೆಡಿಸದೆ ಯಂತ್ರಕ್ಕೆ ಒಡ್ಡುವ ಉಪಾಯ ಕಂಡುಕೊಂಡ ಜಾನ್ ಫೆನ್ ಮತ್ತು ಕೊಯಿಚಿ ತನಾಕ ಅವರು 2002ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಕೆಲಸ ಕೇಳಿದಷ್ಟು ಸುಲಭವಲ್ಲ. ಫಾಸ್ಫೇಟ್ ಅಂಟಿದ ತುಂಡುಗಳು ಉಳಿದವುಗಳ ಗುಂಪಿನಲ್ಲಿ ಬಲು ವಿರಳ. ಬಿಸಿಆರ್-ಎಬಿಎಲ್ ಗುರುತು ಹಾಕುವುದು ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ. ಅಂಥ ಗುರುತುಗಳು ಇನ್ನೂ ವಿರಳ. ಆದುದರಿಂದ ಟೈರೋಸಿನ್ ಗುರುತಿಗೇ ಅಂಟುವ ಪ್ರತಿಕಾಯಗಳನ್ನು ಬಳಸಿ ಅವನ್ನು ಮೊದಲು ಹೆಕ್ಕಿ ತೆಗೆಯುತ್ತಾರೆ. ಔಷಧ ತಾಗದ ಕೋಶಗಳನ್ನೂ ತಾಗಿದ ಕೋಶಗಳನ್ನೂ ಹೀಗೆ ಹೋಲಿಸಿದಾಗ, ಯಾವ ಯಾವ ಪ್ರೋಟೀನುಗಳ ಗುರುತು ಅಳಿಯಿತೆಂದು ಕಾಣುತ್ತದೆ. ಸಿಆರ್‌ಕೆಎಲ್ ಎಂಬ ಪ್ರೋಟೀನು ಅವುಗಳಲ್ಲೊಂದು. ಅದರ ಗುರುತು ಇಳಿದರೆ ಗುಳಿಗೆ ಒಳಗೆ ಕೆಲಸ ಮಾಡುತ್ತಿದೆಯೆಂದು ಅರ್ಥ.

ಇನ್ನು ಶಿಕ್ಷಕರ ಪ್ರಶ್ನೆಗೆ ಬರೋಣ. ಇಮಾಟಿನಿಬ್ ಆ ಕೈನೇಸಿನ ಬಾಯಿ ಮುಚ್ಚಿಸುತ್ತದೆಯೇ ಹೊರತು ಅದನ್ನು ಹುಟ್ಟಿಸುವ ವಿಕೃತ ವರ್ಣತಂತುವನ್ನು ಸರಿಪಡಿಸುವುದಿಲ್ಲ. ಮಜ್ಜೆಯೊಳಗೆ ಕೆಲವು ಮೂಲಕೋಶಗಳು ಗುಳಿಗೆಯನ್ನು ತಾಳಿಕೊಂಡು ಉಳಿದಿರುತ್ತವೆ. ರಕ್ತಕಣಗಳ ಎಣಿಕೆ ಅವುಗಳನ್ನು ತೋರಿಸದು. ಅದಕ್ಕೆ ಬಿಸಿಆರ್-ಎಬಿಎಲ್ ಅಂಶವನ್ನೇ ಅಳೆಯುವ ಪಿಸಿಆರ್ ಪರೀಕ್ಷೆ ಬೇಕು. ಹಲವು ವರ್ಷ ಆ ಪರೀಕ್ಷೆಯಲ್ಲಿ ಅಂಶ ತೀರ ಕೆಳಗಿದ್ದವರಲ್ಲಿ ಕೆಲವರಿಗೆ ತಜ್ಞರು ಗುಳಿಗೆ ನಿಲ್ಲಿಸಿ ನೋಡುವುದುಂಟು. ಆಗಲೂ ಪದೇ ಪದೇ ಪರೀಕ್ಷೆ ತಪ್ಪದು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರೋಗ ಮರಳುತ್ತದೆ. ತಾವಾಗಿ ಬಿಡುವುದು ಬೇರೆ ಮಾತು.

ನಮ್ಮ ಶಾಸ್ತ್ರದ ಸಪ್ತಧಾತುಗಳಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಇಷ್ಟು ಹೇಳಿ, ಕೈನೇಸಿನ ಸಂಗತಿಯೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಬೀಗುವ ವೈದ್ಯಮಿತ್ರರಿದ್ದಾರೆ. ಇರಲಿಲ್ಲ. ಹಸಿವು, ನಿದ್ರೆ, ದಣಿವುಗಳ ವಿಷಯದಲ್ಲಿ ರೋಗಿಗೆ ನಾವು ನೆರವಾಗಬಹುದು. ಅದೂ ಎಚ್ಚರದಿಂದ, ಏಕೆಂದರೆ ಇಮಾಟಿನಿಬ್ ಯಕೃತ್ತಿನಲ್ಲಿ ಕರಗುವ ಔಷಧ. ಪಾಶ್ಚಾತ್ಯರು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ರಕ್ತದಲ್ಲಿ ಅದರ ಪ್ರಮಾಣವನ್ನು ತಗ್ಗಿಸುತ್ತದೆಂದು ಸಿದ್ಧವಾಗಿದೆ. ಗಿಡಮೂಲಿಕೆಯಾದ್ದರಿಂದ ತೊಂದರೆಯಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಷಾಯವಾಗಲಿ, ಚೂರ್ಣವಾಗಲಿ, ಸೇವಿಸುತ್ತಿರುವುದನ್ನು ಕ್ಯಾನ್ಸರ್ ತಜ್ಞರ ಮುಂದೆ ಮುಚ್ಚಿಡದೆ ಹೇಳಬೇಕು.

ಅಂದು ನಾವು ಆ ಶಿಕ್ಷಕರಿಗೆ ಔಷಧ ಕೊಡಲಿಲ್ಲ. ಅವರ ತಜ್ಞರಿಗೊಂದು ಪತ್ರ ಬರೆದುಕೊಟ್ಟೆವು. ಸ್ವಲ್ಪ ಮುನಿಸಿನಿಂದಲೇ ಹೋದರು. ಪಿಸಿಆರ್ ಪರೀಕ್ಷೆಯಲ್ಲಿ ಅಂಶ ಮತ್ತೆ ಏರತೊಡಗಿತ್ತು. ಗುಳಿಗೆ ಅಂದೇ ಪುನಃ ಆರಂಭವಾಯಿತು. ಈಗ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ಆ ಕಾಗದವನ್ನು ನಮಗೂ ತಂದು ತೋರಿಸುತ್ತಾರೆ. ಕಳೆದ ಸಲ ಅಂಕಿ ಕೆಳಗಿಳಿದಿತ್ತು.