ತುಕ್ಕಿಗೆ ಕವಚ, ನೀರಿಗೆ ನಂಜು

ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೋಡೆಯ ಮುಂದೆ ನಿಂತವರು ಅಲ್ಲಿಯ ಶಿಲ್ಪದ ನವಿರನ್ನು ಕಂಡು ಬೆರಗಾಗದೆ ಇರಲಾರರು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಬಳಪದ ಕಲ್ಲು ಒಂಬೈನೂರು ಮಳೆಗಾಲಗಳನ್ನು ಕಂಡಿದೆ. ಆದರೂ ಮದನಿಕೆಯರ ಕೊರಳ ಸರದ ಮಣಿಗಳನ್ನು ಇಂದಿಗೂ ಎಣಿಸಬಹುದು. ಅದೇ ಊರಿನ ಹೊರಗೆ, ಕಾಫಿ ತೋಟದ ಬೇಲಿಗೆ ಬೇಸಗೆಯಲ್ಲಿ ಬಿಗಿದ ಬರಿಯ ಉಕ್ಕಿನ ಬೋಲ್ಟೊಂದನ್ನು ದೀಪಾವಳಿಯ ಹೊತ್ತಿಗೆ ಬೆರಳಿನಿಂದ ಉಜ್ಜಿ ನೋಡಿರಿ. ಕೆಂಪು ಪುಡಿ ಕೈಗೆ ಹತ್ತುತ್ತದೆ. ಕಲ್ಲಿಗಿಲ್ಲದ ಈ ರೋಗ ಕಬ್ಬಿಣಕ್ಕೆ ಏಕೆ?

ಬಳಪದ ಕಲ್ಲಿನಲ್ಲಿರುವ ಮೆಗ್ನೀಸಿಯಂ ಮತ್ತು ಸಿಲಿಕಾನುಗಳು ಆಮ್ಲಜನಕದೊಡನೆ ಎಂದೋ ಕೂಡಿಕೊಂಡು ಶಾಂತವಾಗಿವೆ. ಕಬ್ಬಿಣದ ಸ್ಥಿತಿ ಹಾಗಲ್ಲ. ಅದು ಗಣಿಯಲ್ಲಿ ಆಮ್ಲಜನಕದೊಡನೆಯೇ ಇತ್ತು. ನಾವು ಕುಲುಮೆಯಲ್ಲಿ ಬಲವಂತವಾಗಿ ಅವೆರಡನ್ನೂ ಬೇರ್ಪಡಿಸಿದೆವು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಹೀಗೆಯೇ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವಾಯಿತು. 1923ರಲ್ಲಿ ಆ ಕಾರ್ಖಾನೆ ಕೆಲಸ ತೊಡಗಿದಾಗ ಕುಲುಮೆಗೆ ಉಣಿಸಿದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಲನ್ನು. ತುಕ್ಕು ಹಿಡಿದು ಉದುರಿದ ಪ್ರತಿಯೊಂದು ಸೇರು ಕಬ್ಬಿಣದ ಹಿಂದೆ ಅಷ್ಟು ಕಾಡು ವ್ಯರ್ಥವಾಯಿತೆಂದು ಲೆಕ್ಕ ಹಾಕಿದರೆ ತಪ್ಪಾಗದು. ಆದುದರಿಂದ ತುಕ್ಕನ್ನು ತಡೆಯುವುದೇ ಒಂದು ಪರಿಸರ ರಕ್ಷಣೆ. ತೊಡಕಿರುವುದು, ತಡೆಯಲು ನಾವು ಬಳಸಿದ ವಸ್ತುವಿನಲ್ಲಿ.

ತುಕ್ಕು ಹಿಡಿಯುವುದೆಂದರೆ ಒಂದು ಪುಟ್ಟ ವಿದ್ಯುತ್ಕೋಶ ಕೆಲಸ ಮಾಡುವುದೆಂದೇ ಅರ್ಥ. ಒದ್ದೆಯಾದ ಕಬ್ಬಿಣದ ಮೇಲೆ ಒಂದೆಡೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ಇನ್ನೊಂದೆಡೆ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳುತ್ತದೆ. ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನು ಬಿಡುವ ಸತುವನ್ನು ಅದರ ಮೇಲೆ ಲೇಪಿಸಿದರೆ, ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಮೂರು ಲೋಟಗಳಲ್ಲಿ ಚಿಟಿಕೆ ಉಪ್ಪು ಬೆರೆಸಿದ ನೀರಿಟ್ಟು, ಒಂದರಲ್ಲಿ ಬರಿಯ ಮೊಳೆ, ಇನ್ನೊಂದರಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಮೂರನೆಯದರಲ್ಲಿ ಸತುವಿನ ಪಟ್ಟಿ ಸುತ್ತಿದ ಮೊಳೆ ಹಾಕಿರಿ. ಎರಡು ಮೂರು ದಿನಗಳಲ್ಲಿ ತಾಮ್ರದ ಸಂಗಡ ಇರುವ ಮೊಳೆ ಎಲ್ಲಕ್ಕಿಂತ ಹೆಚ್ಚು ಕೆಂಪಾಗುತ್ತದೆ; ಸತುವಿನ ಆಶ್ರಯದಲ್ಲಿರುವುದು ಹೊಳಪುಳಿಸಿಕೊಂಡಿರುತ್ತದೆ.

ಆದರೆ ಸತುವು ತಾನೂ ಬೇಗ ಸವೆಯುತ್ತದೆ. ತೇವದಲ್ಲಿ ಅದರ ಮೇಲೆ ಬಿಳಿಯ ಪುಡಿ ಏಳುತ್ತದೆ. ಇದನ್ನು ತಡೆಯಲು ಕಳೆದ ಶತಮಾನದಲ್ಲಿ ಕಾರ್ಖಾನೆಗಳು ಅನುಸರಿಸಿದ ಉಪಾಯ ಬಹಳ ಸೊಗಸಾದುದು. ಸತುವಿನ ಲೇಪವಾದ ಬೋಲ್ಟನ್ನು ಆಮ್ಲ ಬೆರೆತ ಡೈಕ್ರೋಮೇಟ್ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆಯುವುದು, ಅಷ್ಟೇ. ಹಳದಿಯ ಮೇಲೆ ಕಾಮನಬಿಲ್ಲಿನ ಛಾಯೆಯಾಡುವ ತೆಳುಪೊರೆಯೊಂದು ಮೂಡುತ್ತದೆ. ಕದದ ಕೀಲುಗಳಲ್ಲಿ, ಹಳೆಯ ವಾಹನಗಳ ತಿರುಪುಗಳಲ್ಲಿ ಈ ಬಣ್ಣವನ್ನು ವಾಚಕರು ಕಂಡೇ ಇರುತ್ತಾರೆ. ಈ ಪೊರೆಗೆ ಗೀರು ಬಿದ್ದರೂ ಅದು ತಾನಾಗಿಯೇ ಮಾಯುತ್ತದೆ! ಪೊರೆಯೊಳಗೆ ಕರಗದೆ ನಿಂತ ಮೂರು ವೇಲೆನ್ಸಿಯ ಕ್ರೋಮಿಯಂ ಜೊತೆಗೆ, ನೀರಿನಲ್ಲಿ ಕರಗುವ ಆರು ವೇಲೆನ್ಸಿಯ ಕ್ರೋಮಿಯಂ ಸ್ವಲ್ಪ ಅಡಗಿರುತ್ತದೆ. ಗೀರಿನಲ್ಲಿ ತೇವ ಸೇರಿದೊಡನೆ ಅದು ಅಲ್ಲಿಗೆ ಹರಿದು, ಲೋಹದಿಂದ ಎಲೆಕ್ಟ್ರಾನು ಪಡೆದು, ಕರಗದ ರೂಪಕ್ಕೆ ತಿರುಗಿ ಗಾಯವನ್ನು ಮುಚ್ಚುತ್ತದೆ.

ಗುಣವೇ ದೋಷವಾಗುವುದು ಇಲ್ಲಿಯೇ. ಗೀರಿಗೆ ಹರಿದು ಹೋಗಬಲ್ಲ ಪದಾರ್ಥ ಬಾವಿಗೂ ಹರಿದು ಹೋಗಬಲ್ಲದು. ಮೂರು ವೇಲೆನ್ಸಿಯ ಕ್ರೋಮಿಯಂ ಮಣ್ಣಿಗೆ ಬಿದ್ದರೆ ಬಹುಮಟ್ಟಿಗೆ ಹೈಡ್ರಾಕ್ಸೈಡ್ ಆಗಿ ಅಲ್ಲಿಯೇ ಕೂತುಬಿಡುತ್ತದೆ. ಆರು ವೇಲೆನ್ಸಿಯದು ಋಣ ವಿದ್ಯುದಂಶವುಳ್ಳ ಕ್ರೋಮೇಟ್ ಅಯಾನಾಗಿರುವುದರಿಂದ ಜೇಡಿಮಣ್ಣಿನ ಕಣಗಳು ಅದನ್ನು ಬಲವಾಗಿ ಹಿಡಿದಿಡಲಾರವು; ನೀರು ಹೋದ ದಾರಿಯಲ್ಲಿ ಅದೂ ಹೋಗುತ್ತದೆ. ಜೀವಕೋಶದೊಳಕ್ಕೂ ಅದು ಸಲೀಸಾಗಿ ನುಗ್ಗುತ್ತದೆ. ಲೇಪನದ ತೊಟ್ಟಿಗಳ ಮುಂದೆ ವರ್ಷಗಟ್ಟಲೆ ದುಡಿದ ಕೆಲಸಗಾರರಲ್ಲಿ ಮೂಗಿನ ನಡುಗೋಡೆ ತೂತಾಗುವುದು, ಕೈಯಲ್ಲಿ ಮಾಯದ ಹುಣ್ಣಾಗುವುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಅದರ ಆವಿ ಮತ್ತು ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದೂ ಸಿದ್ಧವಾಗಿದೆ.

ದೂರದ ಉದಾಹರಣೆ ಬೇಡ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುಲ್ಲೇಪನದ ಸಣ್ಣ ಘಟಕಗಳು ಬಹಳ. ಅಲ್ಲಿಯ ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿದಾಗ ಹಲವೆಡೆ ಆರು ವೇಲೆನ್ಸಿಯ ಕ್ರೋಮಿಯಂ ಮಿತಿ ಮೀರಿ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮನ್ನು ದಾಟಬಾರದೆಂಬುದು ಭಾರತೀಯ ಮಾನಕ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ನೀರು ಹರಿಯುವ ಆ ನೆಲದಲ್ಲಿ, ಒಮ್ಮೆ ಒಳಗಿಳಿದ ನಂಜನ್ನು ಹೊರಗೆ ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ. ವಿಚಿತ್ರವೆಂದರೆ, ನಮ್ಮ ಹಾಸನ ಜಿಲ್ಲೆಯಲ್ಲಿಯೇ ನುಗ್ಗೇಹಳ್ಳಿ ಸುತ್ತಿನ ಬೈರಾಪುರದಲ್ಲಿ ಕ್ರೋಮೈಟ್ ಅದಿರಿನ ಗಣಿಯುಂಟು. ಆ ಕರಿಯ ಅದಿರಿನಲ್ಲಿರುವುದು ಮೂರು ವೇಲೆನ್ಸಿಯ, ಸಾಧು ಸ್ವಭಾವದ ಕ್ರೋಮಿಯಂ. ಕ್ರೋಮೈಟನ್ನು ಸೋಡಾದೊಡನೆ ಗಾಳಿಯಲ್ಲಿ ಹುರಿದು ಉಗ್ರ ರೂಪಕ್ಕೆ ಏರಿಸುವವನು ಮನುಷ್ಯ.

ಹಾಗಾದರೆ ಮೂರು ವೇಲೆನ್ಸಿಯ ಲವಣವನ್ನೇ ನೇರವಾಗಿ ಬಳಸಬಾರದೆ? ಈ ಪ್ರಶ್ನೆಯಿಂದಲೇ ಬದಲಾವಣೆ ಆರಂಭವಾಯಿತು. ಮೊದಲು ಬಂದ ನಸುನೀಲಿ ಪೊರೆಗಳು ಅತಿ ತೆಳುವಾಗಿದ್ದು, ಉಪ್ಪಿನ ಮಂಜಿನ ಪರೀಕ್ಷೆಯಲ್ಲಿ ಬೇಗನೆ ಸೋತವು. (35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪೆಟ್ಟಿಗೆಯಲ್ಲಿ ಶೇಕಡ 5ರ ಉಪ್ಪು ನೀರನ್ನು ಬಿಡದೆ ಸಿಂಪಡಿಸಿ, ತುಕ್ಕು ಕಾಣಲು ಎಷ್ಟು ಗಂಟೆ ಹಿಡಿಯಿತೆಂದು ನೋಡುವುದೇ ಈ ಪರೀಕ್ಷೆ. ಮಳೆ ಬಿಸಿಲುಗಳ ನಿಜ ಜೀವನ ಬೇರೆಯೇ. ಆದರೂ ವ್ಯಾಪಾರವೆಲ್ಲ ಈ ಗಂಟೆಗಳ ಮೇಲೆಯೇ ನಡೆಯುತ್ತದೆ.) ಆಮೇಲೆ ದ್ರಾವಣವನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ಕೋಬಾಲ್ಟ್ ಲವಣ ಸೇರಿಸಿ, ಒಂದು ಮಿಲಿಮೀಟರಿನ ಮೂರು ಸಾವಿರದೊಂದು ಪಾಲಿನಷ್ಟು ದಪ್ಪದ ಪೊರೆ ಬೆಳೆಸುವುದನ್ನು ಕಲಿತರು. ಇದು ಹಳದಿ ಪೊರೆಗೆ ಸರಿಸಮನಾಗಿ ನಿಲ್ಲಬಲ್ಲದು. ಒಂದು ವಿಷಯದಲ್ಲಿ ಅದನ್ನು ಮೀರಿಸುತ್ತದೆ ಕೂಡ: ಹಳದಿ ಪೊರೆ ಸುಮಾರು 70 ಡಿಗ್ರಿ ದಾಟಿದರೆ ಒಣಗಿ ಬಿರುಕು ಬಿಟ್ಟು ಶಕ್ತಿಗುಂದುತ್ತದೆ, ಹೊಸದಾದರೋ ಎಂಜಿನ್ನಿನ ಬಿಸಿಯನ್ನು ಇದಕ್ಕಿಂತ ಹೆಚ್ಚು ತಾಳುತ್ತದೆ. ಆದರೆ ಗೀರನ್ನು ಮಾಯಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆ ಕೊರತೆಯನ್ನು ತುಂಬಲು ಮೇಲೊಂದು ಮುಚ್ಚುಲೇಪ ಬೇಕು.

ಕಾರ್ಖಾನೆಯವನಿಗೆ ಇದರಿಂದ ಒಂದು ಲಾಭವುಂಟು. ಹಳೆಯ ತೊಟ್ಟಿಯ ತ್ಯಾಜ್ಯ ನೀರನ್ನು ಮೊದಲು ಆಮ್ಲೀಯವಾಗಿಸಿ, ಸೋಡಿಯಂ ಬೈಸಲ್ಫೈಟಿನಿಂದ ಅಪಕರ್ಷಿಸಿ, ಅನಂತರ ಸುಣ್ಣ ಹಾಕಿ ಕ್ರೋಮಿಯಂ ಇಳಿಸಬೇಕಾಗಿತ್ತು. ಈಗ ಮೊದಲ ಹೆಜ್ಜೆ ಬೇಕಿಲ್ಲ. ನಷ್ಟವೂ ಉಂಟು. ಹೊಸ ದ್ರಾವಣ ಬಲು ಮುನಿಸಿನದು; ಕಬ್ಬಿಣ, ಸತುವಿನ ಅಯಾನುಗಳು ಸ್ವಲ್ಪ ಹೆಚ್ಚಿದರೆ ಪೊರೆ ಕೆಡುತ್ತದೆ. ಕಣ್ಣಳತೆಯಲ್ಲಿ ಹಳದಿ ಬಣ್ಣ ನೋಡಿ ಕೆಲಸ ಸಾಗಿಸುತ್ತಿದ್ದವನು ಆಮ್ಲತೆಯನ್ನೂ ಉಷ್ಣತೆಯನ್ನೂ ಅಳೆಯುವುದನ್ನು ಕಲಿಯಬೇಕಾಗುತ್ತದೆ. ನಾಲ್ಕಾರು ಜನರ ಘಟಕಕ್ಕೆ ಇದು ಚಿಕ್ಕ ಮಾತಲ್ಲ. ಕೋಬಾಲ್ಟ್ ಲವಣಗಳೂ ಕ್ಯಾನ್ಸರ್ ತರಬಲ್ಲವೆಂದು ಯೂರೋಪಿನಲ್ಲಿ ವರ್ಗೀಕರಿಸಿರುವುದರಿಂದ ಅದನ್ನು ಸಹ ಬಿಡಿಸುವ ಪ್ರಯತ್ನ ನಡೆದಿದೆ.

ಬೇರೆ ದಾರಿಗಳೂ ಇವೆ. ಸತುವು ಮತ್ತು ಅಲ್ಯುಮಿನಿಯಂಗಳ ಚಕ್ಕೆಗಳನ್ನು ಬಂಧಕದೊಡನೆ ಕಲಸಿ, ಬೋಲ್ಟುಗಳನ್ನು ಅದರಲ್ಲಿ ಅದ್ದಿ, ಬುಟ್ಟಿಯಲ್ಲಿ ಗಿರ್ರನೆ ತಿರುಗಿಸಿ, ಒಲೆಯಲ್ಲಿ ಬೇಯಿಸುವುದು ಒಂದು. ಇಲ್ಲಿ ವಿದ್ಯುತ್ತಿನ ತೊಟ್ಟಿಯಿಲ್ಲ. ಆದುದರಿಂದ ಲೇಪಿಸುವಾಗ ಹೈಡ್ರೊಜನ್ ಒಳಸೇರಿ ಗಟ್ಟಿ ಉಕ್ಕು ಪೆಡಸಾಗುವ ಭಯವಿಲ್ಲ. ಬೀರು, ಕುರ್ಚಿ, ಫ್ಯಾನುಗಳಿಗೆ ದ್ರಾವಕವಿಲ್ಲದ ಪುಡಿಬಣ್ಣವನ್ನು ಸಿಂಪಡಿಸಿ ಕರಗಿಸುವುದು ಈಗ ಸಾಮಾನ್ಯವಾಗಿದೆ. ಬಣ್ಣದ ಕೆಳಗೆ ಹಿಂದೆ ಬಿಸಿ ಫಾಸ್ಫೇಟ್ ಪದರ ಕೊಡುತ್ತಿದ್ದ ಕಡೆ, ಸಾಧಾರಣ ಉಷ್ಣತೆಯಲ್ಲಿಯೇ ಮೂಡುವ ಜಿರ್ಕೋನಿಯಂ ಪೊರೆ ಬಂದಿದೆ. ಅದರಿಂದ ತೊಟ್ಟಿಯ ತಳದಲ್ಲಿ ಕೂರುವ ಕೆಸರು ಬಹಳ ಕಡಿಮೆ. ಹಾಗೆಂದು ಫಾಸ್ಫೇಟನ್ನು ಹೀನೈಸಬೇಕಿಲ್ಲ: ದೆಹಲಿಯ ಕಬ್ಬಿಣದ ಸ್ತಂಭ ಸುಮಾರು ಸಾವಿರದ ಆರುನೂರು ವರ್ಷ ನಿಂತಿರುವುದಕ್ಕೆ, ಅದರ ಲೋಹದಲ್ಲಿರುವ ರಂಜಕದಿಂದ ಮೇಲ್ಮೈಯಲ್ಲಿ ಹುಟ್ಟಿದ ಫಾಸ್ಫೇಟ್ ಪದರ ಒಂದು ಕಾರಣವೆಂದು ಕಾನ್ಪುರದ ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಮಣ್ಯಂ ತೋರಿಸಿದ್ದಾರೆ.

ಈ ಬದಲಾವಣೆಗೆ ಕಾನೂನಿನ ಒತ್ತಾಯವೂ ಇತ್ತೆಂಬುದನ್ನು ಮರೆಮಾಡಬೇಕಿಲ್ಲ. ಯೂರೋಪ್ 2006ರ ಜುಲೈ 1ರಿಂದ ವಿದ್ಯುತ್ ಉಪಕರಣಗಳಲ್ಲಿ, ಮರುವರ್ಷ ಮೋಟಾರು ವಾಹನಗಳ ತುಕ್ಕುಲೇಪಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಮನ್ನು ನಿರ್ಬಂಧಿಸಿತು. ಭಾರತದ ಇ-ತ್ಯಾಜ್ಯ ನಿಯಮಗಳು 2012ರಲ್ಲಿ ಜಾರಿಗೆ ಬಂದು, ಉಪಕರಣದ ಏಕರೂಪ ವಸ್ತುವಿನಲ್ಲಿ ಅದಕ್ಕೆ ಶೇಕಡ 0.1ರ ಮಿತಿ ವಿಧಿಸಿದವು.

ಕೊನೆಗೂ ಬಗ್ಗದೆ ಉಳಿದಿರುವುದು ವಿಮಾನ. ರೆಕ್ಕೆಯ ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ತಾಮ್ರವಿದೆ. ನಮ್ಮ ಲೋಟದ ಎರಡನೆಯ ಮೊಳೆಯಂತೆ ಅದು ತನ್ನೊಳಗೇ ವೈರಿಯನ್ನು ಇಟ್ಟುಕೊಂಡಿದೆ. ಅಲ್ಲಿ ಗೀರನ್ನು ತಾನೇ ಮಾಯಿಸುವ ಕ್ರೋಮೇಟನ್ನು ಕೈಬಿಡಲು ತಯಾರಕರು ಹಿಂಜರಿಯುವುದು ಸಹಜ. ಕ್ರೋಮಿಕ್ ಆಮ್ಲದ ಬದಲು ಗಂಧಕಾಮ್ಲ ಹಾಗೂ ಟಾರ್ಟಾರಿಕ್ ಆಮ್ಲಗಳ ಮಿಶ್ರಣದಲ್ಲಿ ಆಕ್ಸೈಡ್ ಪದರ ಬೆಳೆಸುವ ವಿಧಾನ ವಿಮಾನ ತಯಾರಿಕೆಯಲ್ಲಿ ಬಳಕೆಗೆ ಬಂದಿದೆ. ಹುಣಿಸೆಹಣ್ಣಿಗೆ ಹುಳಿ ಕೊಡುವುದೂ ಟಾರ್ಟಾರಿಕ್ ಆಮ್ಲವೇ. ಆದರೆ ಅದರ ಮೇಲೆ ಬಳಿಯುವ ಮೊದಲ ಬಣ್ಣದಲ್ಲಿ ಅನೇಕ ಕಡೆ ಕ್ರೋಮೇಟ್ ಇನ್ನೂ ಉಳಿದಿದೆ.