ಸಂತೆಯಿಂದ ಮರಳಿದ ವಸ್ತ್ರ

ಮುದನೂರಿನ ಜೇಡರ ದಾಸಿಮಯ್ಯನವರ ಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಅದರ ಉತ್ತರಾರ್ಧದಲ್ಲಿಯೇ ಮನಸ್ಸನ್ನು ನಿಲ್ಲಿಸುತ್ತೇವೆ. ವೃದ್ಧ ಜಂಗಮನ ವೇಷದಿಂದ ಬಂದ ಶಿವನು ಆ ವಸ್ತ್ರವನ್ನು ಬೇಡಿ ಪಡೆದು ಹರಿದು ಹಾಕಿದುದು, ದಾಸಿಮಯ್ಯನವರು ಮನಸ್ಸು ಕದಡದೆ ಇದ್ದುದು, ತವನಿಧಿ ದೊರೆತುದು, ಇವೆಲ್ಲ ಮಕ್ಕಳಿಗೂ ತಿಳಿದ ಮಾತು. ಪೂರ್ವಾರ್ಧದಲ್ಲಿ ಇನ್ನೊಂದು ಸಂಗತಿಯುಂಟು. ಬಹುದಿನ ದುಡಿದು ನೆಯ್ದ ಆ ವಸ್ತ್ರವನ್ನು ಸಂತೆಗೆ ಒಯ್ದಾಗ ಅದರ ಬೆಲೆಗೆ ಕೊಳ್ಳುವವರು ಸಿಗಲಿಲ್ಲ. ಹೊತ್ತು ಹೋದುದನ್ನು ಹೊತ್ತುಕೊಂಡೇ ಹಿಂದಿರುಗಬೇಕಾಯಿತು. ಇಲ್ಲಿ ನಾವು ವಿಚಾರಿಸಬೇಕಾದುದು ಆ ಸಂತೆಯ ಸಂಗತಿಯನ್ನೇ.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿದ್ದಾರೆ. ಅದನ್ನು ನೆಯ್ಯುವವರು ಬಹುಮಟ್ಟಿಗೆ ಮುಸಲ್ಮಾನ ಹೆಣ್ಣುಮಕ್ಕಳು. ಅವರ ಹಿರಿಯರು ಆದಿಲಶಾಹಿ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದು ನೆಲೆಸಿದರೆಂದು ಪ್ರತೀತಿ. ಮಗ್ಗವು ನಿಲುವಾದುದು, ಹತ್ತಿಯ ಹಾಸು, ಬಣ್ಣವೇರಿದ ಹತ್ತಿಯ ಹೊಕ್ಕು. ಬಣ್ಣಬಣ್ಣದ ನೂಲನ್ನು ಬೆರಳುಗಳಿಂದಲೇ ಹಾಸಿನ ಎಳೆಗಳ ನಡುವೆ ತೂರಿಸಿ, ಹಾಸು ಕಾಣದಂತಾಗುವವರೆಗೆ ಕಬ್ಬಿಣದ ಹಲ್ಲುಗಳುಳ್ಳ ಪಂಜದಿಂದ ಬಡಿದು ಕೂಡಿಸಬೇಕು. ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳು ಹೀಗೆ ಎಳೆಯೆಳೆಯಾಗಿ ಮೂಡುತ್ತವೆ. ಈ ವಿದ್ಯೆ ಪರಮನೆಗೆ ಹೋಗಬಾರದೆಂದು ಹಿಂದೆ ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರಂತೆ. ಇಂದು ಕಲಿಸುವೆನೆಂದರೂ ಕಲಿಯುವವರು ವಿರಳ. ಭೌಗೋಳಿಕ ಸೂಚಕವೆಂಬ ಸರಕಾರಿ ಮನ್ನಣೆ ದೊರೆತಿದ್ದರೂ ಮಗ್ಗಗಳು ಕುಗ್ಗಿವೆ. ಮನ್ನಣೆಯಿಂದ ಹೆಸರು ಉಳಿಯಬಹುದು. ಒಲೆ ಉರಿಯಬೇಕಾದರೆ ಬೆಲೆ ಬೇಕು.

2019–20ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ ಈ ಕೆಲಸದಲ್ಲಿ ತೊಡಗಿದವರು 35 ಲಕ್ಷಕ್ಕೂ ಮೇಲು. ಅವರಲ್ಲಿ ಸ್ತ್ರೀಯರೇ ಅಧಿಕ. ಮೂರರಲ್ಲಿ ಎರಡು ಪಾಲಿನಷ್ಟು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ನೇಕಾರನ ಬಳಿ ನೂಲಿಗೆ ಹಣವಿಲ್ಲದಾಗ ಸಾಹುಕಾರನು ನೂಲು ಕೊಡುತ್ತಾನೆ, ಅಡಚಣೆಗೆ ಮುಂಗಡವನ್ನೂ ಕೊಡುತ್ತಾನೆ. ನೆಯ್ದ ಮಾಲು ಅವನಿಗೇ, ಅವನು ಹೇಳಿದ ಕೂಲಿಗೇ ಸೇರುತ್ತದೆ. ಕೈಯ ನೈಪುಣ್ಯದಲ್ಲಿ ಕೊರತೆಯಿಲ್ಲ. ಹಾಸು ಹೂಡುವ ದಿನದಿಂದ ಮಾರುವ ದಿನದವರೆಗೆ ಬದುಕಲು ಕೈಯಲ್ಲಿ ಕಾಸಿಲ್ಲ.

ನ್ಯಾಯದ ವ್ಯಾಪಾರವೆಂದು ಈಗ ಲೋಕದಲ್ಲಿ ಕರೆಯುವ ಪದ್ಧತಿಯು ಈ ಗಂಟನ್ನೇ ಹಿಡಿದಿದೆ. 1946ರಲ್ಲಿ ಎಡ್ನಾ ರೂತ್ ಬೈಲರ್ ಎಂಬ ಅಮೆರಿಕದ ಗೃಹಿಣಿಯು ಪೋರ್ಟೊ ರಿಕೊದ ಬಡ ಸ್ತ್ರೀಯರ ಕಸೂತಿಯನ್ನು ತಂದು ತನ್ನ ನೆರೆಹೊರೆಯವರಿಗೆ ಮಾರಿದಳು; ಆ ಬೀಜವು ಕಾಲಾಂತರದಲ್ಲಿ ದೊಡ್ಡ ಸಂಸ್ಥೆಯಾಯಿತು. ಇಂದು ಇಂತಹ ಸಂಸ್ಥೆಗಳ ಜಾಗತಿಕ ಒಕ್ಕೂಟದ ನಿಯಮಗಳಲ್ಲಿ ಒಂದು ಹೀಗಿದೆ: ಕೈಕಸುಬಿನವರು ಕೇಳಿದರೆ, ಕೊಳ್ಳುವವನು ಬೆಲೆಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಬಡ್ಡಿಯಿಲ್ಲದೆ ಮೊದಲೇ ಕೊಡಬೇಕು. ನೂಲಿನ ಸಾಲ ಅಲ್ಲಿಗೆ ಬಿಡುತ್ತದೆ. ಉಳಿದ ನಿಯಮಗಳೂ ಒಳ್ಳೆಯವೇ. ಆದರೆ ನನ್ನ ಬುದ್ಧಿಗೆ ಇದೊಂದೇ ಅರ್ಧ ಕೆಲಸ ಮಾಡುವಂತೆ ತೋರುತ್ತದೆ.

ಈ ಲೇಖಕನೂ ಒಮ್ಮೆ ಜಮಖಾನೆಯೊಂದನ್ನು ಕೊಳ್ಳುವಾಗ ನೆಯ್ದ ತಾಯಿಯೊಡನೆಯೇ ಚೌಕಾಸಿ ಮಾಡಿ ಇನ್ನೂರು ರೂಪಾಯಿ ಇಳಿಸಿದನು. ಮನೆಗೆ ಬಂದು ಅದನ್ನು ಜಾಣತನವೆಂದು ಹೇಳಿಕೊಂಡದ್ದೂ ಉಂಟು. ಮರುದಿನ ದಾಸೋಹಕ್ಕೆ ಅದರ ಎರಡರಷ್ಟು ಕಾಣಿಕೆ ಸಲ್ಲಿಸಿದಾಗ ಮನಸ್ಸಿಗೆ ಬಹಳ ಸಮಾಧಾನವಾಗಿತ್ತು. ಈ ಎರಡು ಲೆಕ್ಕಗಳನ್ನು ಒಂದೆಡೆ ಇಟ್ಟು ನೋಡಿದುದು ಬಹಳ ಕಾಲದ ಮೇಲೆ.

ಆಯ್ದಕ್ಕಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಕಾಯಕದ ಫಲಕ್ಕೆ ಒಂದು ಅಳತೆಯಿದೆ ಎಂಬುದು ಆ ತಾಯಿಯ ನಿಷ್ಠೆ. ಅಳತೆಗೆ ಮೀರಿ ತರುವುದು ದುಡಿಯುವವನಿಗೆ ಸಲ್ಲದೆಂದ ಮೇಲೆ, ಅಳತೆಗೆ ಕಡಿಮೆ ಕೊಟ್ಟು ಉಳಿಸಿಕೊಂಡುದು ಕೊಳ್ಳುವವನ ಮನೆಯಲ್ಲಿ ಸಲ್ಲುವುದು ಹೇಗೆ? ದಾಸೋಹವನ್ನು ಈ ಉಳಿಕೆಯಿಂದ ಮಾಡಿದರೆ, ನೇಕಾರಳ ಕೂಲಿಯನ್ನು ನಮ್ಮ ಹೆಸರಿನಲ್ಲಿ ದಾನ ಮಾಡಿದಂತಾಯಿತು.

ಇನ್ನು ಕೊಳ್ಳುವವರಿಗೆ ಒಂದೆರಡು ಮಾತು. 1985ರ ಕಾಯಿದೆಯು ಜಮಖಾನೆ, ಹೊದಿಕೆ, ಕಂಬಳಿ ಮೊದಲಾದ ಕೆಲವು ಬಗೆಗಳನ್ನು ಕೈಮಗ್ಗಕ್ಕೆಂದೇ ಕಾದಿರಿಸಿತು. ಆದರೂ ಯಂತ್ರದ ಮಾಲು ಕೈಮಗ್ಗದ ಹೆಸರಿನಿಂದ ಅಂಗಡಿಗೆ ಬರುವುದುಂಟು. 2006ರಿಂದ ಬಂದಿರುವ ಕೈಮಗ್ಗದ ಮುದ್ರೆಯನ್ನು ಕೇಳಿ ನೋಡಬೇಕು. ಜಮಖಾನೆಯನ್ನು ಮಗುಚಿಯೂ ನೋಡಬೇಕು: ನೆಯ್ದ ಚಿತ್ತಾರವು ಎರಡು ಮಗ್ಗುಲಿನಲ್ಲಿಯೂ ಕಾಣುತ್ತದೆ, ಅಚ್ಚು ಹಾಕಿದುದು ಒಂದೇ ಮಗ್ಗುಲಿನಲ್ಲಿ.

ನಮ್ಮ ಮಠಗಳಲ್ಲಿ ಜಾತ್ರೆಗೆ ಹಾಸುಗಳು ಬೇಕೇ ಬೇಕು. ಜಾತ್ರೆ ಎಂಟು ದಿನವಿದೆ ಎನ್ನುವಾಗ ಪೇಟೆಗೆ ಆಳನ್ನು ಓಡಿಸಿದರೆ ಯಂತ್ರದ ಮಾಲೇ ಗತಿ. ಆರು ತಿಂಗಳು ಮೊದಲೇ, ಅರ್ಧ ಹಣದೊಡನೆ, ಇಷ್ಟು ಉದ್ದ ಇಷ್ಟು ಅಗಲವೆಂದು ಮಗ್ಗದ ಮನೆಗೇ ಹೇಳಿ ಕಳುಹಿಸಬೇಕು.